ಬಿರಡೆ ತೆಗೆಯದ ಡಬ್ಬಿ

ಮೀನು ಇನ್ನೇನು ಬಾಯಿ ಹಾಕಬೇಕು — ಅಷ್ಟರಲ್ಲಿ ಕೂಗು ಕೇಳಿಸಿತು.

ಸಾರ್ಜೆಂಟ್ ಫಿಂಟನ್ ಹೆಫರ್ನನ್ ತಲೆ ಎತ್ತಲಿಲ್ಲ. ರಜೆಯ ದಿನ, ಮೇ ತಿಂಗಳ ಬೆಳಗು, ಅರ್ಡ್‌ಕೀಲ್ ಸರೋವರದ ಮೇಲೆ ಹದವಾದ ಗಾಳಿ. ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಉದ್ದನೆಯ ಗಾಳದ ತುದಿಯಿಂದ ರೇಷ್ಮೆ ಎಳೆ ಗಾಳಿಗೆ ಹಾರಾಡುತ್ತಿತ್ತು. ಅದರ ಕೊಕ್ಕೆಗೆ ಸಿಕ್ಕಿಸಿದ್ದ ಎರಡು ಜೀವಂತ ಮೇ ನೊಣಗಳು ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಕುಣಿಯುತ್ತಿದ್ದವು. ಕೆಳಗೆ ಒಂದು ದೊಡ್ಡ ಟ್ರೌಟ್ ಮೀನು ಆಗಲೇ ಒಮ್ಮೆ ಮೈ ಹೊರಳಿಸಿ ಹೋಗಿತ್ತು. ಇನ್ನೊಮ್ಮೆ ಬಂದೇ ಬರುತ್ತದೆ. ಇಂಥ ಹೊತ್ತಿನಲ್ಲಿ ಕೂಗುವವನಿಗೆ ಬುದ್ಧಿ ಇರುವುದಿಲ್ಲ, ಇಲ್ಲವೇ ಏನೋ ಅನಾಹುತವಾಗಿರುತ್ತದೆ.

"ಫಿಂಟನ್! ಬೇಗ ಬಾರೋ! ಮೇಜರ್ ಸಾಹೇಬ್ರು —"

ಅನಾಹುತವೇ ಆಗಿತ್ತು. ಸರೋವರದ ನಡುವಿನ ಪುಟ್ಟ ದ್ವೀಪ ಕುರಿಗಡ್ಡೆಯ ಅಂಚಿನಲ್ಲಿ, ಜೊಂಡಿನ ನಡುವೆ, ದೋಣಿಗಾರ ಕೋಲ್ಮನ್ ಫೋಲನ್ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಅವನ ತೋಳಿನಲ್ಲಿ ಮೇಜರ್ ಹ್ಯೂಸನ್. ಸರೋವರದ ಒಡೆಯ. ಬಿಳಿ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಲೆಯ ಹಿಂಭಾಗ ಒಡೆದಿತ್ತು.

ಸಾರ್ಜೆಂಟ್ ಮುಟ್ಟಿ ನೋಡಿದ. ಕಲ್ಲಿನಷ್ಟು ತಣ್ಣಗಿತ್ತು. ಅರ್ಡ್‌ಕೀಲ್‌ನ ನೀರಿನಲ್ಲಿ ಬಿದ್ದ ಮೈ ಬೇಗ ತಣ್ಣಗಾಗುತ್ತದೆ. ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ.

"ಯಾವಾಗ ನೋಡಿದೆ?"

"ಈಗಷ್ಟೇ. ದೋಣಿ ಖಾಲಿ ತೇಲ್ತಾ ಇತ್ತು. ಏನೋ ಎಡವಟ್ಟಾಗಿದೆ ಅಂತ ಬಂದೆ — ಇಲ್ಲಿ ಮುಖ ಕೆಳಗೆ ಮಾಡ್ಕೊಂಡು ಬಿದ್ದಿದ್ರು."

"ನಿನಗೆ ಇಲ್ಲೇನು ಕೆಲಸ? ನಿನ್ನನ್ನ ಅವರು ಓಡಿಸಿದ್ರಲ್ಲ?"

ಫೋಲನ್ ಗೆಳೆಯನ ಮುಖವನ್ನೇ ನೋಡಿದ.

"ಬರೋಕೆ ಹೇಳಿ ಕಳಿಸಿದ್ರು. ಡೀಲಿಯಮ್ಮನ ಕೈಲಿ. ಬೇಕಾದ್ರೆ ಕೇಳ್ಕೋ... ಏನೋ ಫಿಂಟನ್, ನೀನೂನಾ?"

ಕಳೆದ ಭಾನುವಾರ ಚರ್ಚಿನ ಬಾಗಿಲಲ್ಲಿ, ಊರೆಲ್ಲ ನಿಂತು ನೋಡುತ್ತಿರುವಾಗ, ಮೇಜರ್ ಫೋಲನ್‌ನನ್ನು ಕಳ್ಳ ಎಂದಿದ್ದರು. ರಾತ್ರಿ ಕಳ್ಳಗಾಳ ಬಿಟ್ಟು ಸರೋವರದ ಮೀನು ಮಾರುತ್ತಾನೆ ಎಂದಿದ್ದರು. ಫೋಲನ್ ಟೋಪಿಯನ್ನು ನೆಲಕ್ಕೆ ಅಪ್ಪಳಿಸಿ, "ನಿಮ್ಮನ್ನ ಆ ನೀರೇ ನುಂಗಲಿ" ಎಂದು ಅರಚಿದ್ದ. ಕೇಳಿಸಿಕೊಳ್ಳದ ಕಿವಿ ಊರಲ್ಲಿ ಒಂದೂ ಉಳಿದಿರಲಿಲ್ಲ.

ಈಗ ನೀರು ನುಂಗಿತ್ತು. ಇವನು ಪಕ್ಕದಲ್ಲೇ ನಿಂತಿದ್ದ.

ಮೇಜರರ ದೋಣಿಯನ್ನು ಹಿಡಿದು ತಂದು ಸಾರ್ಜೆಂಟ್ ಒಂದೊಂದನ್ನೇ ನೋಡಿದ. ಹುಟ್ಟುಗಳು ಒಳಗೆ. ಗಾಳ ಅಡ್ಡಲಾಗಿ ಮಲಗಿತ್ತು. ಕೊಕ್ಕೆಯಲ್ಲಿ ಎರಡು ಮೇ ನೊಣ, ಎಳೆ ಹಸಿರು ರೆಕ್ಕೆ, ಒಂದರ ಕಾಲು ಇನ್ನೂ ಅದುರುತ್ತಿತ್ತು. ತಳದಲ್ಲಿ ಒದ್ದೆ ಜೊಂಡು ಹೊದಿಸಿದ ಒಂದು ಟ್ರೌಟ್. ಕಣ್ಣಿನ ಹೊಳಪು ಆರಿರಲಿಲ್ಲ. ಇವತ್ತು ಬೆಳಿಗ್ಗೆ ಹಿಡಿದದ್ದೇ. ಚಹಾದ ಬುಟ್ಟಿ. ಹಲಗೆಯ ಸಂದಿಯಲ್ಲಿ ಮೇಜರ್ ಮೇ ನೊಣ ತುಂಬಿಡುವ ಮರದ ಹುಳದ ಡಬ್ಬಿ, ಅದರ ಬಾಯಿಗೆ ಬಿರಡೆ. ಎತ್ತಿದಾಗ ಒಳಗೆ ಮರಕ್ಕೆ ರೆಕ್ಕೆ ಬಡಿಯುವ ಸದ್ದು ಕೇಳಿಸಿತು. ಅದನ್ನೂ ಮಿಕ್ಕ ಸಾಮಾನಿನ ಜೊತೆ ಇಟ್ಟ.

ಬಿರಡೆ ತೆಗೆಯಲಿಲ್ಲ. ಅರ್ಡ್‌ಕೀಲ್‌ನಲ್ಲಿ ಒಬ್ಬರ ಡಬ್ಬಿಯ ಬಿರಡೆಯನ್ನು ಇನ್ನೊಬ್ಬರು ತೆಗೆಯುವುದಿಲ್ಲ. ತೆಗೆದರೆ ಯಜಮಾನನ ಅದೃಷ್ಟ ಹಾರಿಹೋಗುತ್ತದೆ, ತೆಗೆದವನ ಕೊಕ್ಕೆಗೆ ಆ ವರ್ಷ ಒಂದು ಮೀನೂ ಬೀಳುವುದಿಲ್ಲ. ಅಪ್ಪನದನ್ನು ಮಗ ತೆಗೆಯುವುದಿಲ್ಲ, ಗಂಡನದನ್ನು ಹೆಂಡತಿ ತೆಗೆಯುವುದಿಲ್ಲ. ಊರಿನ ಪಾದ್ರಿ ಇದನ್ನು ಮೂಢನಂಬಿಕೆ ಎಂದು ಬೈಯುತ್ತಾರೆ. ತಮ್ಮ ಡಬ್ಬಿಯನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ.

ಹೆಣವನ್ನು ದೋಣಿಕಟ್ಟೆಗೆ ತರುವಷ್ಟರಲ್ಲಿ ಜನ ಸೇರಿದ್ದರು. ಮೇಜರರ ಮನೆಗೆಲಸದ ಡೀಲಿಯ ಕ್ವರ್ಕ್ ಬಾಯಿಗೆ ಏಪ್ರನ್ ಒತ್ತಿಕೊಂಡಿದ್ದಳು. ಮೇಜರರ ಅಕ್ಕನ ಮಗ ಜಾಸ್ಪರ್ ಕಲ್ಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ತಾಯಿ ತೀರಿಕೊಂಡ ಮೇಲೆ ಮಾವನ ಮನೆಯಲ್ಲೇ, ಈ ನೀರಿನ ಮೇಲೇ ಬೆಳೆದ ಹುಡುಗ. ಈಗ ಮೂವತ್ತು ದಾಟಿದ್ದ.

"ಡಬ್ಲಿನ್‌ನಿಂದ ಪತ್ತೇದಾರರು ಹೊರಟಿದ್ದಾರೆ," ಎಂದ ಸಾರ್ಜೆಂಟ್ ಫೋನು ಮಾಡಿ ಬಂದು. "ಮಧ್ಯಾಹ್ನದ ಹೊತ್ತಿಗೆ ಇಲ್ಲಿರ್ತಾರೆ. ಅಷ್ಟರಲ್ಲಿ ಎಲ್ಲರೂ ನನಗೆ ನಿಜ ಹೇಳಿಬಿಡಿ."

ಮೊದಲು ಜಾಸ್ಪರ್.

"ನಾನು ಹೇಳಲೇಬೇಕಾ, ಸಾರ್ಜೆಂಟ್? ನನಗೆ ಈಜು ಕಲಿಸಿದ್ದೇ ಫೋಲನ್."

"ಹೇಳಲೇಬೇಕು."

"ಬೆಳಕು ಹರೀತಾ ಇತ್ತು. ಕಿಟಕಿ ಹತ್ರ ನಿಂತಿದ್ದೆ. ಮಾವ ಕೆಳಗೆ ಪೊದೆಗಳಲ್ಲಿ ಹುಳ ಹಿಡೀತಿದ್ರು. ತಾಜಾ ಹಸಿರು ಹುಳ. ಒಂದೊಂದೇ ಆರಿಸಿ ಆರಿಸಿ ಡಬ್ಬಿ ತುಂಬಿಸ್ಕೊಂಡ್ರು. ನಿಮಗೇ ಗೊತ್ತಲ್ಲ, ಹಳೇ ಹುಳ ಅವರಿಗೆ ಆಗ್ತಿರಲಿಲ್ಲ."

"ಆಮೇಲೆ?"

"ಫೋಲನ್ ಬಂದ. ಏನೋ ಮಾತಾಡಿದ್ರು — ಕೇಳಿಸಲಿಲ್ಲ. ಮಾವ ತಮ್ಮ ದೋಣಿ ಹತ್ತಿದ್ರು. ಫೋಲನ್ ತನ್ನ ದೋಣೀಲಿ ಹಿಂದೇನೇ ಹೋದ. ಕುರಿಗಡ್ಡೆ ಕಡೆಗೆ."

"ಕಣ್ಣಾರೆ ನೋಡಿದ್ರಾ?"

"ದೇವರಾಣೆ." ಜಾಸ್ಪರ್ ಮುಖ ಮುಚ್ಚಿಕೊಂಡ. "ಅವನ ಮೇಲೆ ತುಂಬಾ ಕಠಿಣವಾಗಬೇಡಿ. ಊರೆದುರು ಮಾನ ಹೋಗಿತ್ತು. ಸಿಟ್ಟು ನೆತ್ತಿಗೇರಿರಬೇಕು, ಪಾಪ."

"ನಿನ್ನೆ ರಾತ್ರಿ ಮೇಜರ್ ಎಲ್ಲಿದ್ರು?"

"ಸಂಜೆ ಒಬ್ರೇ ನೀರಿಗೆ ಹೋಗಿದ್ರು. ಕತ್ತಲಾದ ಮೇಲೆ ಬಂದ್ರು. ಸುಸ್ತು ಅಂತ ಊಟಾನೂ ಮಾಡದೆ ಮಲಗಿದ್ರು. ಡೀಲಿಯಮ್ಮ ಅಷ್ಟೊತ್ತಿಗೆ ಮನೆಗೆ ಹೋಗಿದ್ರು."

"ನೀವು ಇವತ್ತು ದೋಣಿ ಮುಟ್ಟಿದ್ರಾ?"

"ಎಲ್ಲಿ! ಕೋಟು ಹಾಕ್ಕೊಂಡು ಹೊರಡೋದರಲ್ಲಿದ್ದೆ. ಅಷ್ಟರಲ್ಲಿ ಆ ಕೂಗು ಕೇಳಿಸ್ತು."

ಆಮೇಲೆ ಡೀಲಿಯಳ ಸರದಿ.

"ಫೋಲನ್‌ಗೆ ಬೆಳಿಗ್ಗೆ ಬರೋಕೆ ಹೇಳಿ ಕಳಿಸಿದ್ದು ನಿಜಾನಾ, ಡೀಲಿಯಮ್ಮ?"

"ನಿಜ. ನಿನ್ನೆ ಸಂಜೆ ನೀರಿಗೆ ಹೊರಡೋವಾಗ ಹೇಳಿದ್ರು. ಜಾಗರಣೆಗೆ ಹೋದಾಗ ನಾನೇ ಕೋಲ್ಮನ್‌ಗೆ ಹೇಳ್ದೆ."

"ಯಾಕೆ ಬರೋಕೆ ಹೇಳಿದ್ರು?"

ಅವಳು ಏಪ್ರನ್ನಿನ ಅಂಚನ್ನು ಹಿಂಡುತ್ತ ನಿಂತಳು. "ದೊಡ್ಡವರ ಮಾತು. ನಂಗೇನು ಗೊತ್ತು?"

ಜಾಗರಣೆ ಎಂದರೆ ಮುದುಕಿ ಹನ್ನಾ ಲೈಡನ್‌ಳದು. ಅವಳ ಹೆಣದ ಸುತ್ತ ಅರ್ಧ ಊರು ರಾತ್ರಿಯಿಡೀ ಕೂತು ಪೈಪು ಸೇದಿ, ಕಪ್ಪು ಬಿಯರ್ ಕುಡಿದು, ಅವಳ ಜಿಪುಣತನವನ್ನು ನೆನೆದು ನಕ್ಕಿತ್ತು, ಅತ್ತಿತ್ತು. ಫೋಲನ್ ಹೊತ್ತು ಮುಳುಗುವ ಮೊದಲೇ ಬಂದು ಕೂತವನು ಬೆಳಕು ಹರಿಯುವ ತನಕ ಎದ್ದಿರಲಿಲ್ಲ. ಸಾರ್ಜೆಂಟನೇ ಅವನ ಪಕ್ಕ ಕೂತು ಎರಡು ಲೋಟ ಮುಗಿಸಿ ಬಂದಿದ್ದ. ಆದರೆ ರಾತ್ರಿಗೆ ಸಾಕ್ಷಿಯಿದ್ದು ಏನು ಬಂತು? ಬೇಕಾದದ್ದು ಬೆಳಗಿನದು. ಬೆಳಗಿಗೆ ಇದ್ದದ್ದು ಒಂದೇ ಸಾಕ್ಷಿ — ಕಿಟಕಿಯಲ್ಲಿ ನಿಂತಿದ್ದ ಜಾಸ್ಪರ್.

ದೋಣಿಮನೆಯ ಒಳಗೆ ಫೋಲನ್ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದ. ಬಾಗಿಲಲ್ಲಿ ಅವನ ಹೆಂಡತಿ ನೋರೀನ್, ಕೈಯಲ್ಲಿ ಒಣ ಅಂಗಿ.

"ಮೇಜರ್ ಹುಳ ಹಿಡಿಯೋದು ನೋಡಿದೆಯಾ?"

"ನಾನು ಬಂದಾಗ ಕಟ್ಟೇಲಿ ಯಾರೂ ಇರಲಿಲ್ಲ. ಅವರ ದೋಣೀನೂ ಇರಲಿಲ್ಲ. ಕಾದೆ. ದೂರದಲ್ಲಿ ದೋಣಿ ಅಡ್ಡಾದಿಡ್ಡಿ ತೇಲೋದು ಕಾಣಿಸ್ತು. ಹೋದೆ. ಇನ್ನೆಷ್ಟು ಸಲ ಹೇಳ್ಲಿ?"

"ಜಾಸ್ಪರ್ ಬೇರೆ ಹೇಳ್ತಿದ್ದಾನೆ."

"ಹಾಗಾದ್ರೆ ಅವನು ಸುಳ್ಳ."

"ಸುಳ್ಳ ಅಂತ ತೋರಿಸು! ಏನಾದ್ರೂ ಒಂದು ಕೊಡು ನನಗೆ, ಕೋಲ್ಮನ್. ಡಬ್ಲಿನ್‌ನವರು ನಿನ್ನ ಕಣ್ಣೀರು ನೋಡಿ ಬಿಡೋಲ್ಲ."

"ನನ್ನ ಹತ್ರ ಏನಿದೆ? ಒದ್ದೆ ಬಟ್ಟೆ ಇದೆ."

ನೋರೀನ್ ಒಳಗೆ ಬಂದಳು. ದನಿ ಎತ್ತರಿಸಲಿಲ್ಲ; ಅದೇ ಹೆಚ್ಚು ಚುಚ್ಚಿತು.

"ನಿಮ್ಮ ಮಗಳಿಗೆ ಚರ್ಚಲ್ಲಿ ಧರ್ಮತಂದೆಯಾಗಿ ನಿಂತೋನು ಇವನೇ ಅಲ್ವಾ, ಸಾರ್ಜೆಂಟ್ರೇ? ಇವನನ್ನ ಗಲ್ಲಿಗೆ ಹಾಕಿದ ದಿನ ಮನೆಗೆ ಹೋಗಿ ಆ ಮಗೂಗೆ ಏನಂತ ಹೇಳ್ತೀರಾ?"

ಸಾರ್ಜೆಂಟ್ ಹೊರಗೆ ಬಂದುಬಿಟ್ಟ.

ಅವನಿಗೆ ಹೆದರಿಕೆಯಾಗಿತ್ತು. ಫೋಲನ್ ಕೊಂದಿಲ್ಲ ಎಂದು ತಾನು ನಂಬುತ್ತಿರುವುದು ಪೊಲೀಸನಾಗಿಯೋ, ಒಂದೇ ದೋಣಿಯಲ್ಲಿ ವರ್ಷಗಟ್ಟಲೆ ಕೂತ ಗೆಳೆಯನಾಗಿಯೋ? ಅದೇ ಅವನಿಗೆ ಬಗೆಹರಿಯಲಿಲ್ಲ. ಬಿಸಿಲು ಏರುತ್ತಿತ್ತು. ಡಬ್ಲಿನ್ನಿನ ಕಾರು ಈಗ ಅರ್ಧ ದಾರಿಯಾದರೂ ದಾಟಿರುತ್ತದೆ.

ಕೈಗೆ ಕೆಲಸ ಬೇಕಿತ್ತು. ಜೇಬಿನಿಂದ ತನ್ನ ಡಬ್ಬಿ ತೆಗೆದು ಮೆಟ್ಟಿಲ ಪಕ್ಕದ ಆಲ್ಡರ್ ಮರದ ಹತ್ತಿರ ಹೋದ. ಮೀನು ಹಿಡಿದು ಮುಗಿಸಿದವರು ಉಳಿದ ಹುಳಗಳನ್ನು ಅಲ್ಲಿ ಬಿಟ್ಟೇ ಮನೆಗೆ ಹೋಗುವುದು. ಮೇಜರ್ ಅಂತೂ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು; ಒಂದೇ ಒಂದು ಹುಳವಿದ್ದರೂ ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಸಾರ್ಜೆಂಟ್ ಬಿರಡೆಗೆ ಬೆರಳು ಹಾಕಿದವನು ಹಾಗೇ ನಿಂತ.

ದೋಣಿಕಟ್ಟೆಯ ಮೋಟುಗೋಡೆಗೆ ಒರಗಿಸಿದ್ದ ಮೇಜರರ ಗಾಳವನ್ನು ನೋಡಿದ. ಕೊಕ್ಕೆಯಲ್ಲಿ ಹಸಿರು ಹುಳ. ಗೋಡೆಯ ಮೇಲೆ ಮೇಜರರ ಡಬ್ಬಿ. ಎಲ್ಲವನ್ನೂ ನೋಡಿದ್ದ — ಹುಟ್ಟು, ಮೀನು, ಚಹಾದ ಬುಟ್ಟಿಯೊಳಗಿನ ಸಕ್ಕರೆಯ ಪೊಟ್ಟಣವನ್ನೂ ಬಿಟ್ಟಿರಲಿಲ್ಲ. ಇದೊಂದನ್ನು ನೋಡಿರಲಿಲ್ಲ. ಯಾಕೆ? ನೋಡಬಾರದು, ಅದಕ್ಕೆ! ತಾನು ಪೊಲೀಸನಾಗಿ ಅಲ್ಲ, ಅರ್ಡ್‌ಕೀಲಿನವನಾಗಿ ಹುಡುಕಿದ್ದ.

ಹಾಗಾದರೆ... ಇನ್ನೊಬ್ಬ ಅರ್ಡ್‌ಕೀಲಿನವನೂ ಹಾಗೇ ಮಾಡಿದ್ದರೆ?

ಅವನು ಬಿರಡೆಯಿಂದ ಬೆರಳು ತೆಗೆದು ಕಟ್ಟೆಯ ಕಡೆ ತಿರುಗಿದ.

"ಡೀಲಿಯಮ್ಮ! ಜಾಸ್ಪರ್! ಎಲ್ಲರೂ ಇಲ್ಲಿ ಬನ್ನಿ. ನೋರೀನ್, ಕೋಲ್ಮನ್‌ನನ್ನ ಕರ್ಕೊಂಡು ಬಾ."

ಜನ ಗೋಡೆಯ ಸುತ್ತ ನೆರೆದರು. ಸಾರ್ಜೆಂಟ್ ಮೊದಲು ತನ್ನ ಡಬ್ಬಿಯನ್ನು ತೆರೆದ. ಕೆಲವು ಹುಳಗಳು ನಿಧಾನವಾಗಿ ಹತ್ತಿ ಹೊರಬಂದು ಬಿಸಿಲಲ್ಲಿ ಕುಳಿತವು.

"ಇವತ್ತು ಬೆಳಿಗ್ಗೆ ಪೊದೆಯಿಂದ ಹಿಡಿದದ್ದು. ರೆಕ್ಕೆ ಯಾವ ಬಣ್ಣ, ಜಾಸ್ಪರ್?"

"ಹಸಿರು. ಅದನ್ನ ಕೇಳಬೇಕಾ?"

"ನಿಮ್ಮ ಮಾವ ಇವತ್ತು ಬೆಳಿಗ್ಗೆ ಹಿಡಿದದ್ದು?"

"ಹೇಳಿದೆನಲ್ಲ. ಹಸಿರು."

"ಒಂದೊಂದೇ ಆರಿಸಿ, ಡಬ್ಬಿ ತುಂಬ?"

"ಹೌದು."

ಸಾರ್ಜೆಂಟ್ ಮೇಜರರ ಡಬ್ಬಿಯನ್ನು ಕೈಗೆತ್ತಿಕೊಂಡ. ಜನ ಒಂದು ಹೆಜ್ಜೆ ಹಿಂದೆ ಸರಿದರು. ಹಿರಿಯನೊಬ್ಬ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

"ಬೇಡಪ್ಪಾ ಫಿಂಟನ್! ಸತ್ತವರದು!"

"ಸಾರ್ಜೆಂಟ್, ಇದು ಸರಿಯಲ್ಲ," ಎಂದ ಜಾಸ್ಪರ್. ಅವನ ಮುಖ ಸುಣ್ಣದಂತಾಗಿತ್ತು. "ಅದು ಮಾವನ ಡಬ್ಬಿ."

"ತೆಗೀರಿ," ಎಂದಳು ನೋರೀನ್.

ಸಾರ್ಜೆಂಟನ ಹೆಬ್ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಬಿರಡೆ ಪಟ್ಟೆಂದು ಕಿತ್ತು ಬಂತು.

ಹುಳಗಳು ಹತ್ತಿ ಬರಲಿಲ್ಲ — ಹಾರಿ ಬಂದವು. ಒಂದರ ಹಿಂದೊಂದು, ಮೇಲಕ್ಕೆ, ನೀರಿನ ಕಡೆಗೆ. ರೆಕ್ಕೆ ಗಾಜಿನಂತೆ ತಿಳಿಯಾಗಿತ್ತು. ಹಸಿರು ಒಂದರಲ್ಲೂ ಇರಲಿಲ್ಲ. ಡಬ್ಬಿಯನ್ನು ಗೋಡೆಗೆ ತಟ್ಟಿದಾಗ ಒಳಗಿನಿಂದ ಬಿಳಿ ಪೊರೆಗಳು ಉದುರಿದವು, ಹಗುರಾಗಿ, ಒಂದು ಬೊಗಸೆಯಷ್ಟು.

ಅಲ್ಲಿದ್ದವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಸಾರ್ಜೆಂಟ್ ಹೇಳಿದ, ಬಹುಶಃ ತನಗೇ ಹೇಳಿಕೊಂಡ.

"ಹಸಿರು ಹುಳ ಪೊರೆ ಬಿಟ್ಟು ಗಾಜುರೆಕ್ಕೆ ಆಗೋಕೆ ಒಂದಿಡೀ ರಾತ್ರಿಯಾದ್ರೂ ಬೇಕು. ಬೆಳಿಗ್ಗೆ ಹಿಡಿದದ್ದು ಇಷ್ಟೊತ್ತಿಗೆ ಪೊರೆ ಬಿಡೋಲ್ಲ. ಇವು ನಿನ್ನೆ ಹಿಡಿದವು. ರಾತ್ರಿಯೆಲ್ಲ ಈ ಡಬ್ಬೀಲೇ ಇದ್ದವು. ಡೀಲಿಯಮ್ಮ, ಮೇಜರ್ ಹುಳ ಇರೋ ಡಬ್ಬಿ ಹಿಡ್ಕೊಂಡು ಯಾವತ್ತಾದ್ರೂ ಮನೆಯೊಳಗೆ ಬಂದಿದ್ರಾ?"

"ಇಲ್ಲವೇ ಇಲ್ಲ. ಪ್ರಾಣ ಹೋದ್ರೂ ಇಲ್ಲ."

"ಅಂದ್ರೆ ಡಬ್ಬಿ ನಿನ್ನೆ ರಾತ್ರಿ ಖಾಲಿಯಾಗಲಿಲ್ಲ. ಯಾಕೆ ಆಗಲಿಲ್ಲ? ಮೇಜರ್ ಮನೆಗೆ ಬರಲೇ ಇಲ್ಲ! ನಿನ್ನೆ ಸಂಜೆ ನೀರಿಗೆ ಹೋದವರು ಅಲ್ಲೇ ಸತ್ತರು. ಆ ಹೊತ್ತಲ್ಲಿ ಕೋಲ್ಮನ್ ಎಲ್ಲಿದ್ದ? ಹನ್ನಾಳ ಜಾಗರಣೇಲಿ. ನಿಮ್ಮೆಲ್ಲರ ನಡುವೆ."

"ನನ್ನ ಲೋಟದಲ್ಲೇ ಕುಡಿದ," ಎಂದು ಯಾರೋ ಗೊಣಗಿದರು.

"ಇನ್ನು ಕೊಕ್ಕೆ ನೋಡಿ." ಸಾರ್ಜೆಂಟ್ ಗಾಳವನ್ನು ಮುಂದಕ್ಕೆ ಹಿಡಿದ. "ಹಸಿರು ಹುಳ. ಡಬ್ಬೀಲಿ ಹಸಿರು ಒಂದೂ ಇಲ್ಲ, ಕೊಕ್ಕೇಲಿ ಎರಡು! ಬಂದದ್ದು ಎಲ್ಲಿಂದ? ಬೇರೆ ಯಾರದೋ ಡಬ್ಬಿಯಿಂದ. ಇವತ್ತು ಬೆಳಿಗ್ಗೆ ಯಾರೋ ಮೇಜರರ ದೋಣೀನ ರಾತ್ರಿ ಅಡಗಿಸಿಟ್ಟಿದ್ದ ಜೊಂಡಿನಿಂದ ಹೊರಗೆ ಎಳೆದಿದ್ದಾರೆ. ಒಂದು ಟ್ರೌಟ್ ಹಿಡಿದು ಅದರಲ್ಲಿ ಇಟ್ಟಿದ್ದಾರೆ. ತಮ್ಮ ಹುಳಾನ ಮೇಜರರ ಕೊಕ್ಕೆಗೆ ಸಿಕ್ಕಿಸಿದ್ದಾರೆ. ಮುದುಕರು ಬೆಳಿಗ್ಗೆ ಒಬ್ಬರೇ ಹೋಗಿ, ಜಾರಿ, ಕಲ್ಲಿಗೆ ತಲೆ ಬಡಿದು ಸತ್ತರು ಅನ್ನಬೇಕು, ನಿನ್ನೆ ಸಂಜೆ ಯಾರು ಎಲ್ಲಿದ್ರು ಅಂತ ಯಾರೂ ಕೇಳಬಾರದು — ಅಷ್ಟೇ ಲೆಕ್ಕಾಚಾರ. ಆಮೇಲೆ ಕಿಟಕೀಲಿ ನೋಡಿದರೆ ಕೋಲ್ಮನ್ ಬರ್ತಿದ್ದಾನೆ. ಬಯಸದೆ ಸಿಕ್ಕ ಬಲಿ."

"ಊಹೆ," ಎಂದ ಜಾಸ್ಪರ್. "ಬರೀ ಊಹೆ."

"ನೀವು ಇವತ್ತು ದೋಣಿ ಮುಟ್ಟಿಲ್ಲ?"

"ಇಲ್ಲ."

"ನಿಮ್ಮ ಕೋಟಿನ ಜೇಬಲ್ಲಿ ಉಬ್ಬಿರೋದು ಏನು?"

ಜಾಸ್ಪರನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಗಾಳಿ ಬಿದ್ದಿತ್ತು. ಆ ನಿಶ್ಶಬ್ದದಲ್ಲಿ, ಬಟ್ಟೆಯ ಒಳಗಿನಿಂದ, ಮರಕ್ಕೆ ರೆಕ್ಕೆ ಬಡಿಯುವ ಸಣ್ಣ ಸದ್ದು ಹತ್ತಿರದವರಿಗೆ ಕೇಳಿಸಿತು.

"ಇನ್ನೊಬ್ಬರ ಡಬ್ಬಿ ಇವತ್ತಿಗೆ ಒಂದು ತೆಗೆದದ್ದು ಸಾಕು ನನಗೆ," ಎಂದ ಸಾರ್ಜೆಂಟ್. "ನಿಮ್ಮದನ್ನ ನೀವೇ ತೆಗೀರಿ."

ಜಾಸ್ಪರ್ ತೆಗೆಯಲಿಲ್ಲ. ಮುಂದೆ ಬಂದವಳು ಡೀಲಿಯ. ಅಳು ಒತ್ತಿಕೊಂಡು ಬರುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು.

"ಸುಳ್ಳು ಹೇಳಿದೆ, ಸಾರ್ಜೆಂಟ್ರೇ. ಯಾಕೆ ಬರೋಕೆ ಹೇಳಿದ್ರು ಅಂತ ನಂಗೆ ಗೊತ್ತಿತ್ತು. 'ಡೀಲಿಯ, ಕೋಲ್ಮನ್ ಕಳ್ಳ ಅಲ್ಲ. ಕಳ್ಳಗಾಳ ಬಿಟ್ಟೋನು ನನ್ನ ಮೇಜಲ್ಲೇ ಊಟ ಮಾಡ್ತಾನೆ. ಬೆಳಿಗ್ಗೆ ಕೋಲ್ಮನ್‌ನ ಬರೋಕೆ ಹೇಳು, ಅವನ ಹತ್ರ ಕ್ಷಮೆ ಕೇಳಬೇಕು' ಅಂದ್ರು. ಈ ಹುಡುಗನ್ನ ಎತ್ತಿ ಆಡಿಸಿದೋಳು ನಾನು... ಬಾಯಿ ಬರಲಿಲ್ಲ."

ಜಾಸ್ಪರ್ ಅವಳನ್ನು ನೋಡಿದ. ಆಮೇಲೆ ನೀರನ್ನು ನೋಡಿದ.

"ಕುರಿಗಡ್ಡೇಲಿ ಚಹಾ ಕುಡಿಯೋಕೆ ಇಳಿದಿದ್ರು," ಎಂದ. "ನಾನು ಸಮಾಧಾನ ಮಾಡೋಕೆ ಅಂತಲೇ ಹಿಂದೆ ಹೋದೆ. ನಾಳೆಯಿಂದ ಈ ಸರೋವರಕ್ಕೆ ನಿನ್ನ ದೋಣಿ ಇಳಿಯಕೂಡದು ಅಂದ್ರು. ಬೇರೆ ಏನು ಅಂದಿದ್ರೂ ತಡ್ಕೊಳ್ತಿದ್ದೆ. ಕೈಯಲ್ಲಿ ದೋಣಿಯ ಹುಟ್ಟು ಇತ್ತು."

"ಒಂದು ಮಾತು ಹೇಳಿ," ಎಂದ ಸಾರ್ಜೆಂಟ್ ಮೆಲ್ಲಗೆ. "ಹುಳ ಪೊರೆ ಬಿಡೋದು ನಿಮಗೆ ಗೊತ್ತಿಲ್ಲದ್ದಲ್ಲ. ಒಂದು ಬಿರಡೆ ತೆಗೆದು ಹಳೇದನ್ನ ಚೆಲ್ಲಿ ಹೊಸದು ಹಾಕಿದ್ರೆ ನಾವ್ಯಾರೂ ನಿಮ್ಮನ್ನ ಹಿಡೀತಿರಲಿಲ್ಲ. ಯಾಕೆ ಮಾಡಲಿಲ್ಲ?"

ಜಾಸ್ಪರ್ ನಿಜವಾಗಿ ಬೆರಗಾದವನಂತೆ ಕಾಣಿಸಿದ.

"ಕೈಗೆ ತಗೊಂಡಿದ್ದೆ," ಎಂದ. "ಆದರೆ ಅದು ಮಾವನದು. ಬೇರೆಯವರ ಡಬ್ಬಿ... ಹೇಗೆ ತೆಗೆಯೋದು?"

ಅಲ್ಲಿದ್ದ ಯಾರೂ ನಗಲಿಲ್ಲ. ಮಾವನ ತಲೆಯ ಮೇಲೆ ಎತ್ತಿದ ಕೈ ಮಾವನ ಬಿರಡೆಯ ಮೇಲೆ ಏಳಲಿಲ್ಲ ಎಂಬುದು ಅವರಿಗೆಲ್ಲ ಅರ್ಥವಾಗುತ್ತಿತ್ತು.

ಮಧ್ಯಾಹ್ನ ಕಾರು ಬಂತು. ಡಬ್ಲಿನ್ನಿನ ಪತ್ತೇದಾರರು ಗೋಡೆಯ ಮೇಲಿನ ಒಣಪೊರೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು, ಏನೂ ಅರ್ಥವಾಗದ ಮುಖದಲ್ಲಿ, ಜಾಸ್ಪರನನ್ನು ಕೂರಿಸಿಕೊಂಡು ಹೋದರು. ಕಾರು ಮರೆಯಾಗುವವರೆಗೂ ಡೀಲಿಯ ನಿಂತಿದ್ದಳು.

ಒಣ ಅಂಗಿ ತೊಟ್ಟ ಫೋಲನ್ ಮೆಟ್ಟಿಲ ಮೇಲೆ ಕುಳಿತಿದ್ದ. ಸಾರ್ಜೆಂಟ್ ಬಂದು ಪಕ್ಕದಲ್ಲಿ ಕುಳಿತ.

"ಕ್ಷಮೆ ಕೇಳೋಕೆ ಕರೆಸಿದ್ರಂತೆ," ಎಂದ ಫೋಲನ್. "ನಾನು ಇಡೀ ವಾರ ಆ ಮುದುಕನಿಗೆ ಶಾಪ ಹಾಕ್ತಾ ಇದ್ದೆ, ಫಿಂಟನ್."

"ನಾನು ಇಡೀ ಬೆಳಿಗ್ಗೆ ನಿನ್ನ ಮೇಲೆ ಅನುಮಾನ ಪಡ್ತಾ ಇದ್ದೆ."

ಫೋಲನ್ ಕಣ್ಣೊರೆಸಿಕೊಂಡ. ಗೆಳೆಯನನ್ನು ಓರೆಗಣ್ಣಿನಿಂದ ನೋಡಿದ.

"ಸತ್ತವರ ಡಬ್ಬಿ ಬೇರೆ ತೆಗೆದೆ. ಈ ವರ್ಷ ನಿನ್ನ ಕೊಕ್ಕೆಗೆ ಒಂದು ಕಪ್ಪೆ ಕೂಡ ಬೀಳಲ್ಲ, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ತೆಗೆದೆ."

"ಹೂಂ."

ಫೋಲನ್ ಎದ್ದು ತನ್ನ ದೋಣಿಯ ಹಗ್ಗ ಬಿಚ್ಚಿದ. ಗಾಳಿ ಮತ್ತೆ ಎದ್ದಿತ್ತು.

"ನಾಳೆಯಿಂದ ನನ್ನ ದೋಣಿಗೆ ಬಾ," ಎಂದ. "ನೀನು ಹುಟ್ಟು ಹಾಕು. ನಾನು ಹಿಡಿದದ್ದರಲ್ಲಿ ಅರ್ಧ ನಿನಗೆ."